ಅಳಿವೆಯ ಅತಿಥಿಗಳು

ಪುಷ್ಯ-ಮಾಘದ ದಿನಗಳಲ್ಲಿ ಕುಮಟೆಯ ಬಳಿ ಅಘನಾಶಿನಿಯ ಅಳಿವೆಗೆ ಹಕ್ಕಿಗಳನ್ನು ನೋಡಲು ಹೋಗುವ ವಿದ್ಯಾರ್ಥಿಗಳಲ್ಲಿಯೂ ಉಪಾಧ್ಯಾಯರಲ್ಲಿಯೂ ನನ್ನದೊಂದು ಬಿನ್ನಹವಿದೆ: ನೋಡಿರಿ, ಆದರೆ ಹಾರಿಸಬೇಡಿರಿ.

ಕಡಲು ಇಳಿದಾಗ ತೆರೆದುಕೊಳ್ಳುವ ಅಲ್ಲಿನ ಕೆಸರುಬಯಲು ದಾರಿಹೋಕನ ಕಣ್ಣಿಗೆ ಬರಿದು. ಹಕ್ಕಿಗಳಿಗೆ ಅದು ಉಗ್ರಾಣ. ಲಡಾಖ್, ಟಿಬೆಟ್ಟುಗಳ ಎತ್ತರದಲ್ಲಿ ಮರಿಮಾಡಿ ಬರುವ ಪುಟ್ಟ ಮರಳು ಪ್ಲವರ್ ಮೇಲ್ಪದರದ ಹುಳುಗಳನ್ನು ಹೆಕ್ಕುತ್ತದೆ. ಕರ್ಲ್ಯೂ ತನ್ನ ನೀಳವಾದ ಬಾಗುಗೊಕ್ಕನ್ನು ಆಳಕ್ಕೆ ಇಳಿಸುತ್ತದೆ. ಅದೇ ಕೆಸರಿನಲ್ಲಿ ನಮ್ಮ ಕರಾವಳಿಯ ಜನರೂ ಬಳಚು ಆಯ್ದು ಬದುಕುತ್ತಾರೆ.

ಭರತ ಬಂತೆಂದರೆ ಹಕ್ಕಿಗಳ ಊಟ ಮುಗಿಯಿತು. ನೀರು ಮುಟ್ಟದ ಮರಳದಿಣ್ಣೆಗಳ ಮೇಲೆ ಅವು ಒತ್ತೊತ್ತಾಗಿ ನಿಂತು ದಣಿವಾರಿಸಿಕೊಳ್ಳುತ್ತವೆ. ಕೆಲವರು ಕ್ಯಾಮರಾ ಹಿಡಿದು ಅವುಗಳತ್ತ ಓಡುವುದು ಆಗಲೇ. ನೂರಾರು ರೆಕ್ಕೆಗಳು ಒಮ್ಮೆಗೇ ಮೇಲೇಳುವ ನೋಟ ಮನೋಹರವೆಂಬುದನ್ನು ನಾನು ಅಲ್ಲಗಳೆಯೆನು. ಆದರೆ ವಸಂತದ ಮರುಪ್ರಯಾಣಕ್ಕೆಂದು ಮೈಯಲ್ಲಿ ಕೂಡಿಟ್ಟ ಕೊಬ್ಬು ಇಂಥ ಒಂದೊಂದು ಹಾರಾಟದಲ್ಲಿಯೂ ವ್ಯಯವಾಗುತ್ತದೆ. ನಮ್ಮ ಕ್ಷಣಕಾಲದ ಸಂತೋಷಕ್ಕೆ ಅವು ತೆರುವ ಬೆಲೆ ಅದು.

ಓಡುವ ಅಗತ್ಯವಾದರೂ ಏನು? ಭರತ ಏರುವ ಮೊದಲೇ ದಂಡೆಯ ಒಂದೆಡೆ ಸದ್ದಿಲ್ಲದೆ ಕುಳಿತರೆ, ಏರುವ ನೀರೇ ಹಕ್ಕಿಗಳನ್ನು ನಮ್ಮತ್ತ ಸರಿಸುತ್ತದೆ. ಮೇಯುವುದನ್ನು ಬಿಟ್ಟು ಅವು ಕತ್ತೆತ್ತಿದರೆ, ನಾವು ಹಿಂದೆ ಸರಿಯಬೇಕೆಂದೇ ಅರ್ಥ.

2024ರಲ್ಲಿ ಈ ಅಳಿವೆ ರಾಮ್ಸರ್ ಪಟ್ಟಿಗೆ ಸೇರಿತು. ಅದು ಹೆಮ್ಮೆಯ ಸಂಗತಿ. ಆದರೆ ಪಟ್ಟಿ ದಿಣ್ಣೆಯನ್ನು ಕಾಯಲಾರದು. ಅಲ್ಲಿಗೆ ಹೋದವರ ಸಂಯಮವೇ ಕಾಯಬೇಕು. ತರಗತಿಯಲ್ಲಿ ಹಕ್ಕಿಯ ಹೆಸರು ಕಲಿಸುವ ಮುನ್ನ ಉಪಾಧ್ಯಾಯರು ಈ ಪಾಠವನ್ನು ಕಲಿಸಲಿ.