ಜತ್ತದ ಫ್ಯೂಸೂ ನಮ್ಮ ದೋಣಿಯ ಬ್ಯಾಟರಿಯೂ

ಜತ್ತ ಎಂಬ ಹೆಸರು ನಮ್ಮ ಕಡೆಯ ಪತ್ರಿಕೆಗಳಲ್ಲಿ ಕಾಣಿಸುವುದು ಹೆಚ್ಚಾಗಿ ಗಡಿತಂಟೆ ಎದ್ದಾಗ. 2022ರ ನವೆಂಬರಿನಲ್ಲಿ ಕರ್ನಾಟಕದ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು, ನೀರಿಲ್ಲದೆ ಬಳಲಿದ ಜತ್ತ ತಾಲೂಕಿನ 40 ಗ್ರಾಮಗಳು ಕರ್ನಾಟಕಕ್ಕೆ ಸೇರುವ ನಿರ್ಣಯ ಮಾಡಿವೆಯೆಂದರು. ಮಹಾರಾಷ್ಟ್ರದ ಅಂದಿನ ಉಪಮುಖ್ಯಮಂತ್ರಿ ದೇವೇಂದ್ರ ಫಡಣವೀಸರು, ಅದು 2012ರ ಹಳೆಯ ಮಾತು, ಈಗ ಅಂಥ ನಿರ್ಣಯವೇನೂ ಇಲ್ಲವೆಂದರು. ಕೆಲವು ವಾರ ಗದ್ದಲವಾಯಿತು. ಮ್ಹೈಸಾಳದ ಏತ ನೀರಾವರಿಯನ್ನು ಜತ್ತದ ಉಳಿದ ಹಳ್ಳಿಗಳಿಗೂ ವಿಸ್ತರಿಸುವ ಕೆಲಸಕ್ಕೆ ಮಹಾರಾಷ್ಟ್ರ ಸರಕಾರ ಚುರುಕು ಕೊಟ್ಟಿತು. ಆಮೇಲೆ ಆ ಹೆಸರನ್ನು ನಾವೆಲ್ಲರೂ ಮರೆತೆವು.

ಕಾಸರಗೋಡಿನವರಾದ ನಮಗೆ ಈ ಮರೆವು ಶೋಭಿಸುವುದಿಲ್ಲ. 1956ರಲ್ಲಿ ನಾವು ಕೇರಳಕ್ಕೆ ಸೇರಿದಾಗ ಅವರು ಮುಂಬಯಿ ರಾಜ್ಯದಲ್ಲಿಯೇ ಉಳಿದರು. 1967ರ ಮಹಾಜನ ಆಯೋಗದ ವರದಿಯಲ್ಲಿ ಚಂದ್ರಗಿರಿಯ ಉತ್ತರಕ್ಕಿರುವ ನಮ್ಮ ನೆಲವನ್ನೂ ಜತ್ತದ ಕನ್ನಡ ಹಳ್ಳಿಗಳನ್ನೂ ಅಂದಿನ ಮೈಸೂರು ರಾಜ್ಯಕ್ಕೆ ಕೊಡಬೇಕೆಂಬ ಶಿಫಾರಸು ಇತ್ತು. ಎರಡೂ ಕಾಗದದಲ್ಲಿಯೇ ಉಳಿದುವು. ಆ ಹಳೆಯ ಕಡತವನ್ನು ಇಲ್ಲಿ ಬಿಚ್ಚುವುದು ನನ್ನ ಉದ್ದೇಶವಲ್ಲ. ನಾನು ಹೇಳಹೊರಟಿರುವುದು ಅದಕ್ಕಿಂತ ಬಹಳ ಚಿಕ್ಕದಾದ ಒಂದು ವಸ್ತುವಿನ ವಿಷಯ: ಫ್ಯೂಸ್. ಅದರ ಬೆಲೆ ಕೆಲವೇ ರೂಪಾಯಿ. ಅದು ಇಲ್ಲದಲ್ಲಿ ಹೋಗುವುದು ಮೋಟಾರು, ದೋಣಿ, ಒಮ್ಮೊಮ್ಮೆ ಮನುಷ್ಯ.

ಜತ್ತ ಮಳೆಯ ನೆರಳಿನ ನಾಡು. ನಮ್ಮಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೇಲೆ ಸುರಿಯುವ ಮಳೆ ಅಲ್ಲಿ ಅದರ ಆರನೆಯ ಒಂದು ಪಾಲಿನಷ್ಟೂ ಬಾರದ ವರ್ಷಗಳುಂಟು. ಅಂಥಲ್ಲಿ ದ್ರಾಕ್ಷಿ, ದಾಳಿಂಬೆ ಬೆಳೆಯುವವನಿಗೆ ಬಾವಿ, ಬೋರು, ಮೋಟಾರು ಇವೇ ಜೀವ. ಕೃಷಿ ಪಂಪುಗಳಿಗೆ ಕರೆಂಟು ಬರುವುದು ಪಾಳಿಯ ಮೇಲೆ. ಅದರಲ್ಲಿ ರಾತ್ರಿಯ ಪಾಳಿಯೂ ಉಂಟು. ಕತ್ತಲಲ್ಲಿ ಟಾರ್ಚು ಹಿಡಿದು ಸ್ಟಾರ್ಟರಿನ ಪೆಟ್ಟಿಗೆ ತೆರೆಯುವವನು ವಾಯರ್‌ಮನ್ ಅಲ್ಲ, ರೈತನೇ.

ಇತ್ತೀಚಿನ ವರ್ಷಗಳಲ್ಲಿ ಇದರ ಜೊತೆಗೆ ಇನ್ನೆರಡು ಸಾಮಗ್ರಿಗಳು ಹೊಲಕ್ಕೆ ಬಂದಿವೆ. ಒಂದು, ಬೆನ್ನಿಗೆ ಕಟ್ಟಿಕೊಳ್ಳುವ ಬ್ಯಾಟರಿಯ ಸಿಂಪಡಣೆ ಪಂಪು. ಆ ಕಡೆಯ ಕನ್ನಡದಲ್ಲಿ ‘ಎಣ್ಣಿ ಹೊಡಿಯೋ ಪಂಪು’ ಎನ್ನುತ್ತಾರೆ; ಎಣ್ಣೆ ಎಂದರೆ ಕೀಟನಾಶಕ. ಹದಿನಾರು ಲೀಟರ್ ಹಿಡಿಯುವ ಡಬ್ಬ, ಅಡಿಯಲ್ಲಿ 12 ವೋಲ್ಟಿನ ಬ್ಯಾಟರಿ, ಒಂದು ಸ್ವಿಚ್ಚು, ಒಂದು ಪುಟ್ಟ ಮೋಟಾರು. ಇನ್ನೊಂದು ಸೌರ ಪಂಪು. ಕೇಂದ್ರದ ಕುಸುಮ್ ಯೋಜನೆ 2019ರಲ್ಲಿ ಬಂತು. ಅದರ ಬೆನ್ನಿಗೆ ಮಹಾರಾಷ್ಟ್ರವು 2024ರಲ್ಲಿ, ಕೇಳಿದವನಿಗೆ ಸೌರ ಪಂಪು ಎಂಬ ಹೆಸರಿನಲ್ಲಿಯೇ ಒಂದು ಯೋಜನೆ ಹೊರಡಿಸಿತು. ರೈತ ತುಂಬಬೇಕಾದುದು ನೂರಕ್ಕೆ ಹತ್ತು, ಪರಿಶಿಷ್ಟರಾದರೆ ನೂರಕ್ಕೆ ಐದು. ಒಳ್ಳೆಯ ಯೋಜನೆ; ರಾತ್ರಿಯ ಪಾಳಿಯಿಂದ ಬಿಡುಗಡೆ ಕೊಡುವಂಥದು. ಆದರೆ ಅದರೊಂದಿಗೆ, ಲೈನ್‌ಮನ್ನನ ಪಾಲಿಗಿದ್ದ ಅಪಾಯದ ಒಂದು ಭಾಗವೂ ರೈತನ ಹೊಲದೊಳಕ್ಕೆ ಬಂದು ಕೂತಿತು.

ನಮ್ಮ ಕಡಲತೀರಕ್ಕೆ ಬನ್ನಿ. ಮಂಜೇಶ್ವರ, ಕುಂಬಳೆ, ಕಾಸರಗೋಡಿನ ಫೈಬರ್ ದೋಣಿಗಳಲ್ಲಿಯೂ ಇರುವುದು ಅದೇ 12 ವೋಲ್ಟಿನ ಬ್ಯಾಟರಿ, ಅದೇ ಸ್ವಿಚ್ಚು, ಅವೇ ಎರಡು ತಂತಿ. ಎಣ್ಣೆ ಹೊಡೆಯುವ ಪಂಪಿನ ಮೋಟಾರಿನ ಬದಲು ಇಲ್ಲಿ ದೀಪ, ಮೀನು ತೋರಿಸುವ ಯಂತ್ರ, ಜಿಪಿಎಸ್. ಜತ್ತದ ದಾಳಿಂಬೆ ತೋಟಕ್ಕೂ ನಮ್ಮ ಕಡಲಿಗೂ ಸಂಬಂಧವೇನೆಂದು ಕೇಳಿದರೆ ಉತ್ತರ ಇಷ್ಟೇ.

ಈ ಜೋಡಣೆಯ ತತ್ತ್ವ ಕಠಿಣವಲ್ಲ. ಬ್ಯಾಟರಿಯ ಧನ ಕಂಬದಿಂದ, ಅಂದರೆ ಪ್ಲಸ್ಸಿನಿಂದ ಹೊರಟ ತಂತಿ ಮೊದಲು ಫ್ಯೂಸಿಗೆ ಹೋಗಬೇಕು, ಅಲ್ಲಿಂದ ಸ್ವಿಚ್ಚಿಗೆ, ಸ್ವಿಚ್ಚಿನಿಂದ ದೀಪಕ್ಕೆ. ದೀಪದಿಂದ ಇನ್ನೊಂದು ತಂತಿ ನೇರವಾಗಿ ಮೈನಸ್ಸಿಗೆ ಮರಳಬೇಕು. ಫ್ಯೂಸು ಬ್ಯಾಟರಿಗೆ ಒಂದು ಗೇಣಿಗಿಂತ ದೂರ ಇರಬಾರದು. ಏಕೆಂದರೆ ಫ್ಯೂಸ್ ಕಾಯುವುದು ದೀಪವನ್ನಲ್ಲ, ತಂತಿಯನ್ನು. ಬ್ಯಾಟರಿಗೂ ಫ್ಯೂಸಿಗೂ ನಡುವಿನ ತಂತಿಗೆ ಕಾವಲೇ ಇಲ್ಲ. ಅದು ಎಷ್ಟು ಗಿಡ್ಡವೋ ಅಷ್ಟು ಕ್ಷೇಮ. ದೀಪದ ಹತ್ತಿರ ಫ್ಯೂಸ್ ಹಾಕಿ, ಬ್ಯಾಟರಿಯಿಂದ ಅಲ್ಲಿಯವರೆಗೆ ಹತ್ತು ಅಡಿ ತಂತಿಯನ್ನು ಹಾಗೆಯೇ ಬಿಟ್ಟವರು ಫ್ಯೂಸ್ ಹಾಕಿಯೂ ಹಾಕದವರಂತೆಯೇ.

12 ವೋಲ್ಟು ತಾನೇ, ಮುಟ್ಟಿದರೂ ಹೊಡೆಯುವುದಿಲ್ಲ ಎಂಬ ಮಾತು ಎಲ್ಲೆಡೆ ಕೇಳುತ್ತದೆ. ಹೊಡೆಯುವುದಿಲ್ಲ ನಿಜ, ಸುಡುತ್ತದೆ. ದೋಣಿಯಲ್ಲಿಡುವ ಬ್ಯಾಟರಿಯ ಎರಡು ಕಂಬಗಳ ನಡುವೆ ಒಂದು ಸ್ಪ್ಯಾನರು ಬಿದ್ದರೆ ಅದರ ಮೂಲಕ ನೂರಾರು ಆಂಪಿಯರ್ ಹರಿಯುತ್ತದೆ. ಪ್ರವಾಹ ಇಮ್ಮಡಿಯಾದರೆ ತಂತಿಯ ಕಾವು ಇಮ್ಮಡಿಯಲ್ಲ, ನಾಲ್ಕು ಪಟ್ಟು. ಬೆರಳಿನ ಉಂಗುರ ಅಡ್ಡ ಬಿದ್ದರೆ ಉಂಗುರವೇ ಕಾದ ಕಬ್ಬಿಣ. ಚಾರ್ಜಾಗುವ ಬ್ಯಾಟರಿ ಜಲಜನಕವನ್ನು ಬಿಡುತ್ತದೆ; ಮುಚ್ಚಿದ ಪೆಟ್ಟಿಗೆಯಲ್ಲಿ ಅದು ತುಂಬಿರುವಾಗ ಒಂದು ಕಿಡಿ ಸಾಕು. ನಮ್ಮ ಕಡೆ ಇದಕ್ಕೆ ಇನ್ನೊಂದು ಸೇರಿಕೆ: ಉಪ್ಪು ನೀರು ಬ್ಯಾಟರಿಯೊಳಕ್ಕೆ ಹೋದರೆ ಹುಟ್ಟುವುದು ವಿಷಾನಿಲವಾದ ಕ್ಲೋರೀನ್. ಜತ್ತದ ಬೇಸಗೆಯ ಶತ್ರು ಬೇರೆ. ಶಾಖ ಹತ್ತು ಡಿಗ್ರಿ ಏರಿದಂತೆಲ್ಲ ಬ್ಯಾಟರಿಯ ಆಯುಷ್ಯ ಸುಮಾರಾಗಿ ಅರ್ಧಕ್ಕಿಳಿಯುತ್ತದೆ. ಅಲ್ಲಿಯ ತಗಡಿನ ಶೆಡ್ಡಿನಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ಹೇಗಿರುತ್ತದೆಂದು ಹೇಳಬೇಕಾಗಿಲ್ಲ.

ಇನ್ನು ಫ್ಯೂಸ್ ಹೋದಾಗ ನಾವು ಮಾಡುವ ಉಪಾಯ. ಕೈಗೆ ಸಿಕ್ಕಿದ ವಾಯರಿನಿಂದ ತಾಮ್ರದ ಎಳೆ ತೆಗೆದು ಸುತ್ತುವುದು. ಇದರಲ್ಲಿ ಕಾಸರಗೋಡಿಗೂ ಜತ್ತಕ್ಕೂ, ಮಲಯಾಳಿಗೂ ಮರಾಠಿಗೂ ಭೇದವಿಲ್ಲ. ಭಾರತದ ನಿಜವಾದ ಏಕತೆ ಇದರಲ್ಲಿದೆಯೋ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಅರ್ಧ ಮಿಲಿಮೀಟರ್ ದಪ್ಪದ ತಾಮ್ರದ ಎಳೆ ಕರಗಲು ಸುಮಾರು 28 ಆಂಪಿಯರ್ ಬೇಕು. 5 ಆಂಪಿಯರಿನ ಫ್ಯೂಸ್ ಇರಬೇಕಾದಲ್ಲಿ ಅದನ್ನು ಸುತ್ತಿದರೆ, ಎಳೆ ಕರಗುವ ಮೊದಲೇ ತಂತಿಯ ಪ್ಲಾಸ್ಟಿಕ್ಕು ಕರಗಿರುತ್ತದೆ. ಮೂರು ಫೇಸಿನ ಮೋಟಾರಿನಲ್ಲಿ ಅನಾಹುತ ಬೇರೆ ಬಗೆಯದು. ಮೂರರಲ್ಲಿ ಒಂದು ಫ್ಯೂಸ್ ಹೋದರೆ ಮೋಟಾರು ನಿಲ್ಲದೆ ಉಳಿದ ಎರಡರ ಮೇಲೆಯೇ ಗುಂಯ್‌ಗುಡುತ್ತ ಎಳೆಯುತ್ತದೆ. ಆಗ ಆ ಎರಡರಲ್ಲಿ ಹರಿಯುವ ಪ್ರವಾಹ ಮೊದಲಿನ 1.73 ಪಟ್ಟಿನಷ್ಟಾಗುತ್ತದೆ. ಸ್ಟಾರ್ಟರಿನ ರಿಲೇ ಸರಿಯಿದ್ದರೆ ಮೋಟಾರನ್ನು ನಿಲ್ಲಿಸಬೇಕು. ‘ಟ್ರಿಪ್ ಆಗುತ್ತದೆ’ ಎಂಬ ಬೇಸರಕ್ಕೆ ರಿಲೇಯನ್ನು ಕಟ್ಟಿಹಾಕಿದ್ದರೆ ಮೋಟಾರು ಸುಟ್ಟು, ಮಾರನೆಯ ದಿನ ರಿವೈಂಡಿಂಗ್ ಅಂಗಡಿಗೆ ಪ್ರಯಾಣ. ಬೇಸಗೆಯಲ್ಲಿ ನಾಲ್ಕು ದಿನ ನೀರು ತಪ್ಪಿದರೆ ದಾಳಿಂಬೆಯ ಹೂ ಉದುರುತ್ತದೆ.

ಸೌರ ಪಂಪಿನದು ಇವೆಲ್ಲಕ್ಕಿಂತ ಗಂಭೀರ. 5 ಎಚ್‌ಪಿ ಪಂಪಿಗೆ ಸುಮಾರು 4,800 ವ್ಯಾಟಿನ ಹಲಗೆಗಳು ಬೇಕು. ಅವುಗಳನ್ನು ಒಂದರ ಹಿಂದೊಂದು ಜೋಡಿಸಿದಾಗ ನೂರಾರು ವೋಲ್ಟು, ಅದೂ ನೇರ ಪ್ರವಾಹ. ಮನೆಗೆ ಬರುವ ಕರೆಂಟು ಸೆಕೆಂಡಿಗೆ ನೂರು ಸಲ ಶೂನ್ಯಕ್ಕಿಳಿಯುವುದರಿಂದ ಸ್ವಿಚ್ಚು ಆರಿಸಿದಾಗ ಒಳಗಿನ ಕಿಡಿ ತಾನಾಗಿ ಸಾಯುತ್ತದೆ. ನೇರ ಪ್ರವಾಹಕ್ಕೆ ಆ ವಿರಾಮವಿಲ್ಲ. ಕಿಡಿ ಎಳೆದುಕೊಂಡು ಉರಿಯುತ್ತದೆ. ಅಂಗಡಿಯಲ್ಲಿ ಸಿಗುವ ಮನೆಯ ಸ್ವಿಚ್ಚನ್ನು ಅಲ್ಲಿ ಹಾಕಿದರೆ ಅದು ಆರಿಸುವ ಸ್ವಿಚ್ಚಲ್ಲ, ಹಚ್ಚುವ ಸ್ವಿಚ್ಚು. ಬಿಸಿಲಿರುವ ತನಕ ಹಲಗೆಯ ಕರೆಂಟನ್ನು ಯಾವ ಆಫೀಸಿಗೆ ಫೋನು ಮಾಡಿದರೂ ನಿಲ್ಲಿಸಲಾಗದು ಎಂಬುದೂ ರೈತನಿಗೆ ತಿಳಿದಿರಬೇಕಾದ ಮಾತು.

ಇದನ್ನೆಲ್ಲ ಅವನಿಗೆ ತಿಳಿಸತಕ್ಕವರು ಯಾರು, ಯಾವ ಭಾಷೆಯಲ್ಲಿ? ನನ್ನ ಮುಖ್ಯ ಪ್ರಶ್ನೆ ಇದು.

1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿ ಅಪಾಯದ ಫಲಕದ ಬಗ್ಗೆ ಒಂದು ವಿಧಿಯಿತ್ತು. ತಲೆಬುರುಡೆ ಮತ್ತು ಎಲುಬಿನ ಚಿತ್ರದೊಂದಿಗೆ, ಹಿಂದಿ ಅಥವಾ ಇಂಗ್ಲಿಷಿನಲ್ಲಿ ಹಾಗೂ ‘ಜಿಲ್ಲೆಯ ಸ್ಥಳೀಯ ಭಾಷೆ’ಯಲ್ಲಿ ಎಚ್ಚರಿಕೆ ಬರೆಯತಕ್ಕದ್ದು. 2010ರ ನಿಯಮಾವಳಿಯಲ್ಲಿಯೂ ಅದೇ ಮಾತು ಮುಂದುವರಿಯಿತು. ಜಿಲ್ಲೆಯ ಸ್ಥಳೀಯ ಭಾಷೆ! ರಾಜ್ಯಗಳ ಪುನರ್ವಿಂಗಡಣೆಯ ವರ್ಷದಲ್ಲಿಯೇ ಹೊರಟ ನಿಯಮ, ಒಂದು ಜಿಲ್ಲೆಗೆ ಒಂದೇ ಭಾಷೆಯೆಂದು ನಂಬಿದ್ದು ಸೋಜಿಗ. ಸಾಂಗಲಿ ಜಿಲ್ಲೆಯ ಭಾಷೆ ಮರಾಠಿ; ಆದರೆ ಉಮದಿಯ, ಸಂಖದ ಹೊಲಗಳ ಭಾಷೆ ಕನ್ನಡ. ಕಾಸರಗೋಡು ಜಿಲ್ಲೆ 1984ರಲ್ಲಿ ಹುಟ್ಟಿತು. ಅದರ ಭಾಷೆ ಮಲಯಾಳ. ಆದರೆ ಮಂಜೇಶ್ವರದಲ್ಲಿ ಕನ್ನಡ ಶಾಲೆಯಲ್ಲಿ ಓದಿ ತುಳು ಮಾತಾಡುವ ಮನೆಗಳೆಷ್ಟೋ. ಸಾವು ಜಿಲ್ಲೆಯ ಲೆಕ್ಕದಲ್ಲಿ ಬರುವುದಿಲ್ಲ, ಕಂಬದ ಲೆಕ್ಕದಲ್ಲಿ ಬರುತ್ತದೆ. ಎಚ್ಚರಿಕೆಯ ಭಾಷೆಯನ್ನು ನಿಶ್ಚಯಿಸಬೇಕಾದುದು ಆ ಕಂಬದ ಕೆಳಗೆ ನಡೆಯುವವರನ್ನು ನೋಡಿ.

ಕೆಲವರು ಕೇಳಿಯಾರು: ಜತ್ತದವರಿಗೆ ಮರಾಠಿ ಬರುವುದಿಲ್ಲವೇ, ನಮಗೆ ಮಲಯಾಳ ಬರುವುದಿಲ್ಲವೇ? ಬರುತ್ತದೆ. ಸಂತೆಯಲ್ಲಿ ಚೌಕಾಸಿಗೆ, ಬಸ್ಸಿನ ಬೋರ್ಡಿಗೆ ಬೇಕಾದಷ್ಟು ಬರುತ್ತದೆ. 2020ರ ಕಾನೂನಿನಿಂದ ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲಿ ಮರಾಠಿ ಕಡ್ಡಾಯವಾದ ಮೇಲೆ ಅಲ್ಲಿಯ ಮಕ್ಕಳಿಗೆ ಇನ್ನೂ ಚೆನ್ನಾಗಿ ಬಂದೀತು. ಆದರೆ ರಾತ್ರಿ ಎರಡು ಗಂಟೆಗೆ ಸ್ಟಾರ್ಟರಿನ ಪೆಟ್ಟಿಗೆ ತೆರೆಯುವವನು ಆ ಮಗುವಲ್ಲ, ಐವತ್ತು ವರ್ಷದ ಹಿಂದೆ ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಮುಗಿಸಿದ ಅದರ ಅಜ್ಜ. ಮಾತಾಡುವ ಭಾಷೆ ಒಂದು, ಗಾಬರಿಯಲ್ಲಿ ಓದಿ ಅರ್ಥಮಾಡಿಕೊಳ್ಳುವ ಭಾಷೆ ಇನ್ನೊಂದು. ಮರಾಠಿಯ ಸಾಲನ್ನಾಗಲಿ ಮಲಯಾಳದ ಸಾಲನ್ನಾಗಲಿ ಅಳಿಸಿ ಎಂದು ಯಾರೂ ಹೇಳುತ್ತಿಲ್ಲ. ಅದರ ಕೆಳಗೆ ಇನ್ನೊಂದು ಸಾಲಿಗೆ ಜಾಗವಿದೆ, ಅಷ್ಟೆ. ಕೇರಳದ 1969ರ ಅಧಿಕೃತ ಭಾಷಾ ಕಾನೂನು, ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ಸರಕಾರದೊಂದಿಗೆ ತಮ್ಮ ಭಾಷೆಯಲ್ಲಿ ವ್ಯವಹರಿಸಬಹುದೆಂದು ಹೇಳುತ್ತದೆ. ಅರ್ಜಿ ಬರೆಯಲು ಸಲ್ಲುವ ಭಾಷೆ, ಜೀವ ಉಳಿಸಲು ಸಲ್ಲಬೇಡವೇ?

ಫ್ಯೂಸನ್ನು ತಯಾರಿಸಿದವರು ಈ ತೊಡಕನ್ನು ಅರಿತಿದ್ದರೋ ಏನೋ, ವಾಹನ ಮತ್ತು ದೋಣಿಗಳಿಗೆ ಹಾಕುವ ಚಪ್ಪಟೆ ಫ್ಯೂಸುಗಳಿಗೆ ಬಣ್ಣ ಕೊಟ್ಟಿದ್ದಾರೆ. ಕೆಂಪು 10 ಆಂಪಿಯರ್, ನೀಲಿ 15, ಹಳದಿ 20, ಹಸುರು 30. ಬಣ್ಣಕ್ಕೆ ಗಡಿಯಿಲ್ಲ. ಆದರೆ ಕೆಂಪು ಹೋದಲ್ಲಿ ಹಸುರು ಹಾಕಬಾರದು ಎಂಬುದನ್ನು ಬಣ್ಣ ತಾನೇ ಹೇಳಲಾರದು. ಅದಕ್ಕೆ ಮಾತು ಬೇಕು.

ಆ ಮಾತು ಎಂಥದಿರಬೇಕೆಂಬ ಬಗ್ಗೆಯೂ ನನಗೊಂದು ಅಭಿಪ್ರಾಯವಿದೆ. ಶಿವರಾಮ ಕಾರಂತರು ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನು ಒಬ್ಬರೇ ಬರೆದ ಭಾಷೆ ನಮ್ಮದು, ಕನ್ನಡದಲ್ಲಿ ಹೇಳಲಾಗದ ವಿಷಯವಿದು ಎಂಬ ನೆಪ ಸಲ್ಲದು. ಆದರೆ ಫ್ಯೂಸಿಗೆ ಒಂದು ಸಂಸ್ಕೃತ ಪದ ಟಂಕಿಸಿ ಕರಪತ್ರ ಅಚ್ಚುಹಾಕಿದರೆ ಅದನ್ನು ಓದುವವನು ಅದನ್ನು ಟಂಕಿಸಿದವನೊಬ್ಬನೇ. ಫ್ಯೂಸ್ ಫ್ಯೂಸೇ ಆಗಿರಲಿ, ಸ್ವಿಚ್ಚು ಸ್ವಿಚ್ಚೇ. ಜತ್ತದಲ್ಲಿ ‘ಡಿಪಿ’ ಎಂದು ಕರೆಯುವ ಟ್ರಾನ್ಸ್‌ಫಾರ್ಮರನ್ನು ಗಡಿಯ ಈಚೆ ‘ಟಿಸಿ’ ಎನ್ನುತ್ತಾರೆ. ಅಲ್ಲಿಯ ಕರಪತ್ರದಲ್ಲಿ ಡಿಪಿ ಎಂದೇ ಇರಲಿ. ಬೆಂಗಳೂರಿನಲ್ಲಿ ಕುಳಿತು ಬರೆಯುವವರು ಇಷ್ಟು ಸಣ್ಣ ಸೌಜನ್ಯ ತೋರಿದರೆ ಸಾಕು.

ಮಾಡಬೇಕಾದ ಕೆಲಸ ದೊಡ್ಡದಲ್ಲ, ಖರ್ಚಿನದೂ ಅಲ್ಲ. ಸ್ಟಾರ್ಟರ್ ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಅಂಟಿಸುವಷ್ಟು ಒಂದು ಚೀಟಿ: ಯಾವ ಮೋಟಾರಿಗೆ ಎಷ್ಟು ಆಂಪಿಯರಿನ ಫ್ಯೂಸ್, ಮುಟ್ಟುವ ಮೊದಲು ಯಾವುದನ್ನು ಆರಿಸಬೇಕು, ಅರ್ಥಿಂಗಿನ ತಂತಿ ಎಲ್ಲಿದೆ. ಬ್ಯಾಟರಿಗೆ ಇನ್ನೊಂದು: ಬಿಚ್ಚುವಾಗ ಮೈನಸ್ ಮೊದಲು, ಕಟ್ಟುವಾಗ ಮೈನಸ್ ಕೊನೆಗೆ. ತಂತಿಯ ದಪ್ಪದ ಲೆಕ್ಕಕ್ಕೆ ಒಂದು ಸಾಲು ಸಾಕು; 36 ವ್ಯಾಟಿನ ದೀಪಕ್ಕೆ 12 ವೋಲ್ಟಿನಲ್ಲಿ 3 ಆಂಪಿಯರ್ ಬೇಕು, ಬ್ಯಾಟರಿಯಿಂದ ಐದು ಮೀಟರ್ ದೂರವಿದ್ದರೆ ಒಂದೂವರೆ ಚದರ ಮಿಲಿಮೀಟರಿನ ತಾಮ್ರದ ತಂತಿ ಸಾಲುತ್ತದೆ, ಅದಕ್ಕಿಂತ ದೂರವಾದರೆ ದಪ್ಪ ಹೆಚ್ಚಿಸಬೇಕು. ಸೌರ ಪಂಪು ಕೂರಿಸುವ ಕಂಪೆನಿಗಳು ಸರಕಾರದ ಹಣ ಪಡೆಯುವವು. ಕನ್ನಡದ ಹಳ್ಳಿಗೆ ಕನ್ನಡದ ಚೀಟಿ ಎಂಬ ಒಂದು ಷರತ್ತನ್ನು ಟೆಂಡರಿನಲ್ಲಿ ಸೇರಿಸಲು ಸಾಂಗಲಿಯ ಅಧಿಕಾರಿಗಳಿಗೆ ಯಾವ ಗಡಿವಿವಾದವೂ ಅಡ್ಡಬಾರದು. ಕರ್ನಾಟಕದ ಗಡಿ ಪ್ರದೇಶಾಭಿವೃದ್ಧಿ ಪ್ರಾಧಿಕಾರವು ಹೊರನಾಡ ಕನ್ನಡಿಗರಿಗಾಗಿ ಕಟ್ಟಡಕ್ಕೂ ಉತ್ಸವಕ್ಕೂ ನೆರವಾಗುವುದು ಸಂತೋಷದ ವಿಷಯ. ಆ ಹಣದ ಒಂದು ಚೂರು ಅಚ್ಚಿನ ಶಾಯಿಗೂ ಹೋಗಲಿ.

ಗುಡ್ಡಾಪುರದ ದಾನಮ್ಮದೇವಿಯ ಜಾತ್ರೆಗೆ ಕನ್ನಡದವರೂ ಮರಾಠಿಯವರೂ ಒಟ್ಟಿಗೆ ಬರುತ್ತಾರೆ. ಅಲ್ಲಿ ಒಂದು ಮೇಜಿನ ಮೇಲೆ ಬ್ಯಾಟರಿ, ಸ್ವಿಚ್ಚು, ಬಣ್ಣಬಣ್ಣದ ಫ್ಯೂಸುಗಳನ್ನಿಟ್ಟು ಎರಡೂ ಭಾಷೆಯಲ್ಲಿ ತೋರಿಸಿಕೊಡಲು ಐಟಿಐ ಕಲಿತ ನಾಲ್ಕು ಹುಡುಗರು ಸಾಕು. ನಮ್ಮಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರ ತನಕ, 52 ದಿನ, ಟ್ರಾಲಿಂಗ್ ನಿಷೇಧವಿರುತ್ತದೆ. ಯಾಂತ್ರಿಕ ದೋಣಿಗಳು ದಡದಲ್ಲಿರುವ ಸಮಯ. ಸಣ್ಣ ದೋಣಿಗಳಿಗೆ ನಿಷೇಧವಿಲ್ಲದಿದ್ದರೂ ಆ ಮಳೆಯಲ್ಲಿ ಅವು ದಡದಲ್ಲಿಯೇ ಕಳೆಯುವ ದಿನಗಳು ಬೇಕಾದಷ್ಟು. ಕುಂಬಳೆಯಲ್ಲಿಯೋ ಮಂಜೇಶ್ವರದಲ್ಲಿಯೋ ಮೀನುಗಾರರ ಸಂಘದವರು ಮುಂದೆ ಬಂದರೆ, ಚೀಟಿಯ ಕನ್ನಡ ಒಕ್ಕಣೆಯನ್ನು ಬರೆದುಕೊಡಲು ನಮ್ಮ ಶಾಲೆಗಳ ವಿಜ್ಞಾನದ ಮಾಸ್ತರುಗಳಲ್ಲಿ ಒಬ್ಬಿಬ್ಬರಾದರೂ ಒಪ್ಪದಿರಲಾರರು. ಅದೇ ಚೀಟಿಯ ಒಂದು ಪ್ರತಿಯನ್ನು ಜತ್ತಕ್ಕೆ ಅಂಚೆಯಲ್ಲಿ ಕಳಿಸೋಣ. ‘ದೋಣಿ’ ಎಂದಿರುವಲ್ಲಿ ಅವರು ‘ಪಂಪು’ ಎಂದು ತಿದ್ದಿಕೊಳ್ಳಲಿ.