ಲಾರಿಯ ಮುಖ ಬದಲಾದಾಗ

ಅಪಘಾತದಲ್ಲಿ ಲಾರಿಯ ಕ್ಯಾಬಿನ್ ನಜ್ಜುಗುಜ್ಜಾದರೆ ಬೇರೊಂದನ್ನು ತಂದು ಕೂರಿಸುವುದು ಕೇವಲ ಗ್ಯಾರೇಜಿನ ಕೆಲಸವೆಂದು ನಮ್ಮಲ್ಲಿ ಅನೇಕರು ಭಾವಿಸಿದ್ದಾರೆ. ಗ್ಯಾರೇಜಿನದು ಅರ್ಧ ಕೆಲಸ ಮಾತ್ರ, ಉಳಿದರ್ಧ ಕಾಗದಪತ್ರಗಳದ್ದು. ಆ ಅರ್ಧವನ್ನು ಕಡೆಗಣಿಸಿದವರು ಎಫ್‌ಸಿ ಮಾಡಿಸುವ ದಿನವೋ, ವಿಮೆಯ ಹಣ ಕೇಳುವ ದಿನವೋ ಕಷ್ಟಕ್ಕೆ ಸಿಲುಕುತ್ತಾರೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಒಂದೇ ಲಾರಿಯನ್ನು ನಂಬಿ ಸಂಸಾರ ನಡೆಸುತ್ತಿರುವವರು ಹಲವರಿರುವುದರಿಂದ ಈ ವಿಷಯವನ್ನು ಕುರಿತು ನನ್ನ ಅಭಿಪ್ರಾಯವನ್ನು ತಿಳಿಸಬೇಕೆನಿಸಿತು.

ಮೊದಲು ಕಾನೂನನ್ನು ನೋಡೋಣ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ನಿಗದಿಪಡಿಸಿದ ವಿವರಗಳಿಗೂ ನೋಂದಣಿ ಪತ್ರದ ವಿವರಗಳಿಗೂ ವ್ಯತ್ಯಾಸ ಬರುವಂತೆ ಮಾಲೀಕನು ವಾಹನವನ್ನು ಮಾರ್ಪಡಿಸಕೂಡದು. ಕೇರಳದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮಿನಂತೆ, ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು.

ಹಾಗಾದರೆ ಜಜ್ಜಿಹೋದ ಕ್ಯಾಬಿನ್ ಬದಲಿಸುವುದು ಅಪರಾಧವೇ? ನನ್ನ ತಿಳಿವಳಿಕೆಯಂತೆ ಅಲ್ಲ. ವಾಹನದ ಮೂಲ ಲಕ್ಷಣವೇ ಬದಲಾಗುವಂತೆ ಅದರ ರಚನೆಯನ್ನು ಬದಲಿಸುವುದೇ ಮಾರ್ಪಾಡು ಎಂದು ಅದೇ ಕಲಮಿನ ವಿವರಣೆ ಹೇಳುತ್ತದೆ. ಮುರಿದ ಕಿಟಕಿಗೆ ಅದೇ ಅಳತೆಯ ಕಿಟಕಿ ಹಾಕಿಸಿದರೆ ಮನೆ ಬೇರೆಯಾಗುವುದಿಲ್ಲ. ಅದೇ ತಯಾರಕರ ಅದೇ ಮಾದರಿಯ ಕ್ಯಾಬಿನ್ ಕೂರಿಸಿದರೆ ಅದು ದುರಸ್ತಿ. ಲಾರಿಯ ಗುರುತು ಇರುವುದು ಚಾಸಿಸ್ ಸಂಖ್ಯೆಯಲ್ಲಿ. ಆ ಸಂಖ್ಯೆಯನ್ನು ಕೊರೆದಿರುವುದು ಕೆಳಗಿನ ಉಕ್ಕಿನ ಚೌಕಟ್ಟಿನ ಮೇಲೆಯೇ ಹೊರತು ಕ್ಯಾಬಿನ್ನಿನ ಮೇಲಲ್ಲ.

ಸಾದಾ ಕ್ಯಾಬಿನ್ ತೆಗೆದು ಮಲಗುವ ಜಾಗವಿರುವ ಉದ್ದನೆಯದನ್ನು ಕೂರಿಸುವುದು, ಬೇರೆ ಮಾದರಿಯ ಮುಖವನ್ನು ಜೋಡಿಸುವುದು, ಇವು ಬೇರೆ ಮಾತು. ಆಗ ಖಾಲಿ ಲಾರಿಯ ತೂಕ, ಆಸನಗಳ ಸಂಖ್ಯೆ, ದೇಹದ ಬಗೆ ಎಲ್ಲವೂ ಬದಲಾಗುವ ಸಂಭವವಿದೆ. ಇವೆಲ್ಲ ನೋಂದಣಿಯ ದಾಖಲೆಯಲ್ಲಿರುವ ವಿವರಗಳು. ಹಿಂದೆ ಕಾರ್ಖಾನೆಯಿಂದ ಎಂಜಿನ್ ಮತ್ತು ಚಾಸಿಸ್ ಮಾತ್ರ ತಂದು, ನಾಮಕ್ಕಲ್, ತಿರುಚೆಂಗೋಡುಗಳಂಥ ಊರುಗಳಲ್ಲಿ ಬಡಗಿ ಕಮ್ಮಾರರ ಕೈಯಲ್ಲಿ ಕ್ಯಾಬಿನ್ ಕಟ್ಟಿಸುತ್ತಿದ್ದುದು ವಾಡಿಕೆ. ಆ ಕಾಲದ ರೂಢಿ ಮನಸ್ಸಿನಿಂದ ಇನ್ನೂ ಹೋಗಿಲ್ಲ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವಾಗಿದೆ. ಅಂಥ ಲಾರಿಗೆ ಅಗ್ಗವೆಂದು ಹಳೆಯ ಕ್ಯಾಬಿನ್ ಕೂರಿಸಿದರೆ ನಿಯಮವೂ ಮುರಿಯುತ್ತದೆ, ಬಿಸಿಲಿನಲ್ಲಿ ಬೇಯುವ ಚಾಲಕನಿಗೂ ಅನ್ಯಾಯವಾಗುತ್ತದೆ.

ಗುಜರಿಯ ಕ್ಯಾಬಿನ್ ಕೊಳ್ಳುವುದು ತಪ್ಪಲ್ಲ. ರಸೀದಿಯಿಲ್ಲದೆ ಕೊಳ್ಳುವುದು ತಪ್ಪು. ಕದ್ದ ಲಾರಿಗಳನ್ನು ಬಿಡಿಬಿಡಿಯಾಗಿ ಕತ್ತರಿಸಿ ಮಾರುವವರಿದ್ದಾರೆ. ಕ್ಯಾಬಿನ್ನಿನ ಒಳಗೆ ಬೇರೊಂದು ವಾಹನದ ತಯಾರಕರ ಫಲಕ ಉಳಿದಿದ್ದರೆ ತಪಾಸಣೆಯಲ್ಲಿ ಉತ್ತರ ಹೇಳಬೇಕಾದವರು ಇಂದಿನ ಮಾಲೀಕರೇ. ಆಗ ನಿಮ್ಮ ಪ್ರಾಮಾಣಿಕತೆಗೆ ಸಾಕ್ಷಿ ಆ ಒಂದು ರಸೀದಿ ಮಾತ್ರ.

ಆದ್ದರಿಂದ ಕೆಲಸಕ್ಕೆ ಕೈಹಾಕುವ ಮೊದಲು ವಿಮಾ ಕಂಪನಿಗೆ ತಿಳಿಸಿ. ಸರ್ವೇಯರ್ ಬಂದು ನೋಡುವ ತನಕ ಹಳೆಯ ಕ್ಯಾಬಿನ್ ಬಿಚ್ಚಿಸಬೇಡಿ. ಸಾಲ ಕೊಟ್ಟ ಸಂಸ್ಥೆಗೂ ಬರವಣಿಗೆಯಲ್ಲಿ ತಿಳಿಸಿ. ದುರಸ್ತಿಗೆ ಮುಂಚೆ ಮತ್ತು ಅನಂತರ ಚಾಸಿಸ್ ಸಂಖ್ಯೆ ಕಾಣುವಂತೆ ಛಾಯಾಚಿತ್ರಗಳನ್ನು ತೆಗೆದಿಡಿ. ಬಣ್ಣ ಬೇರೆಯಾಗಿದ್ದರೆ ನೋಂದಣಿ ಪತ್ರದಲ್ಲಿ ಅದನ್ನು ಸರಿಪಡಿಸಿಕೊಳ್ಳಿ. ಮಾರ್ಪಾಡೇ ಆಗುವುದಾದರೆ ಮುಂಚಿತವಾಗಿ ಆರ್‌ಟಿಒ ಅನುಮತಿ ಪಡೆದು, ಕೆಲಸ ಮುಗಿದ 14 ದಿನಗಳೊಳಗೆ ವರದಿ ಮಾಡಿ ದಾಖಲಿಸಿಕೊಳ್ಳಬೇಕು. ಹಳೆಯ ಗಾಜಿನೊಡನೆ ಹೋದ ಫಾಸ್ಟ್ಯಾಗನ್ನೂ ಮರೆಯದೆ ಹೊಸದಾಗಿ ಪಡೆಯಿರಿ.

ಸರ್ಕಾರಕ್ಕೂ ನನ್ನದೊಂದು ಅರಿಕೆಯಿದೆ. ಎಂಜಿನ್ ಬದಲಾವಣೆಯ ವಿಷಯವನ್ನು ಕಾಯ್ದೆಯೇ ಹೆಸರಿಸಿ ಹೇಳಿದೆ. ಕ್ಯಾಬಿನ್ನಿನ ವಿಷಯವನ್ನು ಹಾಗೆ ಹೇಳಿಲ್ಲ. ದುರಸ್ತಿ ಯಾವುದು, ಮಾರ್ಪಾಡು ಯಾವುದು ಎಂಬ ತೀರ್ಮಾನ ರಸ್ತೆಯಲ್ಲಿ ನಿಂತ ಅಧಿಕಾರಿಯ ಅಂದಾಜಿಗೆ ಬಿಟ್ಟಂತಾಗಿದೆ. ಅದೇ ಮಾದರಿಯ ಕ್ಯಾಬಿನ್ ಹಾಕಿಸಿದವರು ರಸೀದಿ ಮತ್ತು ಸರ್ವೇಯರ್ ವರದಿ ಸಲ್ಲಿಸಿದರೆ ವಾಹನದ ಗಣಕ ದಾಖಲೆಯಲ್ಲಿ ಒಂದು ಸಾಲು ನಮೂದಿಸುವ ವ್ಯವಸ್ಥೆ ಸಾಕು. ಹೊಸ ನಿಯಮವೆಂದರೆ ದಲ್ಲಾಳಿಗಳಿಗೆ ಹೊಸ ಆದಾಯವೆಂದು ಕೆಲವರು ಹೇಳಿಯಾರು. ದಲ್ಲಾಳಿ ಬದುಕುವುದು ನಿಯಮ ಅಸ್ಪಷ್ಟವಾಗಿರುವಲ್ಲಿ. ಏನು ಸಲ್ಲಿಸಬೇಕು, ಎಷ್ಟು ಶುಲ್ಕ, ಎಷ್ಟು ದಿನ ಎಂಬುದು ಕಚೇರಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆದಿದ್ದರೆ ಅವನಿಗೇನು ಕೆಲಸ?

ಕೆಟ್ಟು ನಿಂತ ಲಾರಿ ದಿನವೂ ದುಡಿಮೆಯನ್ನು ತಿನ್ನುತ್ತದೆ, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಆ ಅವಸರದಲ್ಲಿ ಕಾಗದಪತ್ರ ಹಿಂದೆ ಬೀಳುವುದು ಸಹಜ. ಆದರೆ ನೀವೆಲ್ಲ ಓದು ಬರಹ ಬಲ್ಲವರು. ಸಾರಿಗೆಯಲ್ಲಿರುವ ನಿಮ್ಮ ಬಂಧುಗಳಿಗೂ ಇದನ್ನು ಓದಿ ಹೇಳಿ. ಈ ವಿಷಯದಲ್ಲಿ ಅನುಭವವುಳ್ಳವರು ನನಗೂ ಬರೆದು ತಿಳಿಸಿ.