ಲೋಡು ಹೊರಡುವ ಮುನ್ನ

ಅಡಿಕೆ ಸುಲಿದು, ಒಣಗಿಸಿ, ಗೋಣಿ ತುಂಬಿ ಸಂಘದ ಗೋದಾಮಿಗೆ ತಲುಪಿಸಿದ ಮೇಲೆ ತಮ್ಮ ಕೆಲಸ ಮುಗಿಯಿತೆಂದು ಬೆಳೆಗಾರರಲ್ಲಿ ಬಹುಮಂದಿ ತಿಳಿದಿದ್ದಾರೆ. ತೂಕವಾಯಿತು, ಚೀಟಿ ಕೈಸೇರಿತು, ಮುಂದಿನದು ಸಂಘಕ್ಕೂ ಲಾರಿಯವನಿಗೂ ಬಿಟ್ಟದ್ದು ಎಂಬ ಭಾವನೆ. ಆದರೆ ಮಂಗಳೂರಿನಿಂದ ಅಹಮದಾಬಾದಿಗೆ ಸುಮಾರು 1,400 ಕಿಲೋಮೀಟರ್. ದೆಹಲಿಗೆ 2,000 ಕಿಲೋಮೀಟರಿಗೂ ಮಿಕ್ಕಿದ ದಾರಿ. ನಮ್ಮ ಒಂದು ವರ್ಷದ ದುಡಿಮೆ ಇಷ್ಟು ದೂರವನ್ನು ಒಬ್ಬ ಡ್ರೈವರನನ್ನು ನಂಬಿ ಕ್ರಮಿಸುತ್ತದೆ. ಆ ಮನುಷ್ಯನ ಹತ್ತಿರ ದಾರಿಗೆ ಬೇಕಾದದ್ದು ಏನಿದೆ, ಏನಿಲ್ಲ ಎಂಬುದು ನಮಗೆ ಸಂಬಂಧಪಡದ ವಿಚಾರವೆಂದರೆ ನಾವು ಒಪ್ಪುವುದಿಲ್ಲ.

ಹಿಂದಿನ ಕಾಲ ಬೇರೆ ಇತ್ತು. ಕಾಫಿಯನ್ನು ಮಂಡಳಿಯ ಪೂಲಿಗೆ ಒಪ್ಪಿಸಿದರೆ ಅದು ಯಾವ ಲಾರಿಯಲ್ಲಿ ಎಲ್ಲಿಗೆ ಹೋಯಿತೆಂದು ಬೆಳೆಗಾರ ಕೇಳಬೇಕಾಗಿರಲಿಲ್ಲ. 1996ರಲ್ಲಿ ಪೂಲ್ ಪದ್ಧತಿ ಪೂರ್ತಿ ಹೋದ ಮೇಲೆ ಮಾರುವ ಸ್ವಾತಂತ್ರ್ಯದ ಜೊತೆಗೆ ಸಾಗಿಸುವ ಚಿಂತೆಯೂ ನಮ್ಮ ಕಡೆಗೇ ಬಂತು. ಅಡಿಕೆಯ ವಿಷಯದಲ್ಲಿ 1973ರಲ್ಲಿ ಕ್ಯಾಂಪ್ಕೊ ಸ್ಥಾಪನೆಯಾದಂದಿನಿಂದ ಸಹಕಾರಿ ರಂಗ ತಾನೇ ಉತ್ತರದ ಪೇಟೆಗಳಿಗೆ ಮಾಲು ಕಳಿಸುತ್ತ ಬಂದಿದೆ. ಮಾಲು ನಮ್ಮದು, ಮಾರುವವರೂ ನಾವೇ ಎಂದ ಮೇಲೆ ದಾರಿಯ ಹೊಣೆಯಲ್ಲಿಯೂ ನಮ್ಮದೊಂದು ಪಾಲು ಇರಲೇಬೇಕು.

ಕಾಗದಪತ್ರಗಳು

ಡ್ರೈವರನ ಬಳಿ ಇರಬೇಕಾದ ಕಾಗದಗಳಲ್ಲಿ ಎರಡು ಬಗೆ. ಲೈಸೆನ್ಸು, ಆರ್.ಸಿ., ವಿಮೆ, ಪರ್ಮಿಟ್ಟು, ಫಿಟ್‌ನೆಸ್ ಪತ್ರ, ಹೊಗೆ ತಪಾಸಣೆಯ ಪತ್ರ, ಇವೆಲ್ಲ ಲಾರಿಯವರಿಗೆ ಸೇರಿದವು. ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಮೂಲಕ ಫೋನಿನಲ್ಲಿ ತೋರಿಸಿದರೂ 2018ರಿಂದ ಮಾನ್ಯತೆ ಇದೆ. ಆದರೂ ಫೋನು ಸತ್ತು ಬಿದ್ದಾಗ ಉಪಯೋಗಕ್ಕೆ ಬರುವುದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಕಾಗದದ ನಕಲೇ.

ಎರಡನೆಯ ಬಗೆಯವು ನಾವು ಕೊಡಬೇಕಾದವು: ಬಿಲ್ಲು, ಬಿಲ್ಟಿ, ಇ-ವೇ ಬಿಲ್ಲು. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದು ಗಡಿಯ ತೆರಿಗೆ ಚೆಕ್‌ಪೋಸ್ಟುಗಳು ಹೋದವು, ತಪಾಸಣೆ ಹೋಗಲಿಲ್ಲ. ರಸ್ತೆಯಲ್ಲಿ ಎಲ್ಲಿ ಬೇಕಾದರೂ ಲಾರಿ ನಿಲ್ಲಿಸಿ ನೋಡಬಹುದು. 50,000 ರೂಪಾಯಿ ಮೀರಿದ ಮಾಲು ರಾಜ್ಯದಿಂದ ರಾಜ್ಯಕ್ಕೆ ಹೋಗಲು 2018ರ ಏಪ್ರಿಲ್ 1ರಿಂದ ಇ-ವೇ ಬಿಲ್ಲು ಬೇಕು. ಅದರ ಆಯುಸ್ಸು 2021ರಿಂದ ಪ್ರತಿ 200 ಕಿಲೋಮೀಟರಿಗೆ ಒಂದು ದಿನ. ಅಹಮದಾಬಾದಿನ ಲೋಡಿಗೆ ಅಂದಾಜು 7 ದಿನ ಸಿಕ್ಕಿತು. ನಡುವೆ ಗಾಡಿ ಕೆಟ್ಟರೆ, ಡ್ರೈವರ್ ಜ್ವರ ಹಿಡಿದು ಮಲಗಿದರೆ, ಘಾಟಿ ಮುಚ್ಚಿದರೆ ಈ ದಿನಗಳು ಸುಮ್ಮನೆ ಕಳೆದುಹೋಗುತ್ತವೆ. ಅವಧಿ ಮುಗಿಯುವ 8 ಗಂಟೆ ಮೊದಲಿನಿಂದ 8 ಗಂಟೆ ನಂತರದೊಳಗೆ ವಿಸ್ತರಿಸಿಕೊಳ್ಳಲು ಅವಕಾಶವುಂಟು. ಮಾಲನ್ನು ಬೇರೆ ಲಾರಿಗೆ ಬದಲಾಯಿಸಿದರೆ ಹೊಸ ಗಾಡಿಯ ನಂಬರನ್ನೂ ಸೇರಿಸಬೇಕು. ಇವೆರಡೂ ಕಚೇರಿಯಲ್ಲಿ ಕುಳಿತವರಿಂದ ಆಗುವ ಕೆಲಸ. ರಸ್ತೆ ಬದಿಯಲ್ಲಿ ನಿಂತ ಡ್ರೈವರನಿಂದ ಆಗುವುದಲ್ಲ.

ಇದರಲ್ಲಿ ಎಡವಿದರೆ ನಷ್ಟವೆಷ್ಟು? 2022ರ ಜನವರಿಯಿಂದ ಇಂಥ ಪ್ರಕರಣದಲ್ಲಿ ಮಾಲಿನ ಒಡೆಯನೇ ಮುಂದೆ ಬಂದರೂ ತೆರಿಗೆಯ ಎರಡರಷ್ಟು ದಂಡ. ಒಣ ಅಡಿಕೆಗೆ ಶೇ. 5 ತೆರಿಗೆ. 50 ಲಕ್ಷ ರೂಪಾಯಿಯ ಲೋಡು ಎಂದಿಟ್ಟುಕೊಂಡರೆ ದಂಡವೇ 5 ಲಕ್ಷ. ಆದುದರಿಂದ ಪ್ರತಿ ಡ್ರೈವರನ ಬಳಿ, ರಾತ್ರಿ ಎರಡು ಗಂಟೆಗೆ ಕರೆದರೂ ಎತ್ತುವ ಒಂದು ಫೋನ್ ನಂಬರು ಬರೆದು ಕೊಟ್ಟಿರಬೇಕು. ಅದು ಗೋದಾಮಿನ ಬೀಗ ಹಾಕಿದ ಮೇಲೆ ಸುಮ್ಮನೆ ಹೊಡೆದುಕೊಳ್ಳುವ ಫೋನಾಗಿರಬಾರದು.

ಮಾಲಿಗೆ ಮತ್ತು ಗಾಡಿಗೆ

ಅಡಿಕೆಗೂ ಕಾಫಿಗೂ ನೀರೇ ಶತ್ರು ಎಂದು ಬೆಳೆಗಾರರಿಗೆ ಹೇಳಬೇಕಾಗಿಲ್ಲ. ಅಂಗಳದಲ್ಲಿ ವಾರಗಟ್ಟಲೆ ಒಣಗಿಸಿದ ಚಾಲಿ ಒಂದು ರಾತ್ರಿಯ ಸೋರಿಕೆಯಿಂದ ಬೂಷ್ಟು ಹಿಡಿಯುತ್ತದೆ. ಕಾಫಿಗೆ ಇನ್ನೊಂದು ದೌರ್ಬಲ್ಯವಿದೆ. ಅದು ಸುತ್ತಲಿನ ವಾಸನೆಯನ್ನು ಹೀರಿಕೊಳ್ಳುತ್ತದೆ. ಹಿಂದಿನ ಲೋಡಿನಲ್ಲಿ ಗೊಬ್ಬರವೋ ಕೀಟನಾಶಕವೋ ಬಂದಿದ್ದ ಲಾರಿಯಲ್ಲಿ ಕಾಫಿ ತುಂಬಿದರೆ ಆ ವಾಸನೆ ಲೋಟದವರೆಗೂ ಹೋದೀತು. ಆದುದರಿಂದ ಲಾರಿಯ ತಳ ಗುಡಿಸಿ, ಮೂಸಿ, ಎದ್ದ ಮೊಳೆಗಳನ್ನು ಬಡಿದು, ಕೆಳಗೊಂದು ಟಾರ್ಪಾಲು ಹಾಸಿ, ಮೇಲೊಂದು ತೂತಿಲ್ಲದ ಟಾರ್ಪಾಲು ಹೊದೆಸಿ ಕಟ್ಟಬೇಕು. ಹೆಚ್ಚುವರಿ ಹಗ್ಗ, ದಪ್ಪ ಸೂಜಿ, ಸುತಲಿ ದಾರ, ನಾಲ್ಕು ಖಾಲಿ ಗೋಣಿ ಜೊತೆಯಲ್ಲಿರಲಿ. ಹರಿದ ಮೂಟೆಯನ್ನು ದಾರಿಯಲ್ಲೇ ಹೊಲಿದರೆ ಮುಂದೆ ತೂಕದ ತಕರಾರು ಹುಟ್ಟುವುದಿಲ್ಲ.

ಗಾಡಿಗೆ ಬೇಕಾದ ಜಾಕು, ಸ್ಪ್ಯಾನರು, ಸ್ಟೆಪ್ನಿ, ಫ್ಯಾನ್ ಬೆಲ್ಟು, ಬಲ್ಬು, ಫ್ಯೂಸುಗಳನ್ನು ಅನುಭವಿ ಡ್ರೈವರ್ ತಾನೇ ನೋಡಿಕೊಳ್ಳುತ್ತಾನೆ. ನಾವು ಕೇಳಿ ನೋಡಬೇಕಾದವು ಕೆಲವಿವೆ. ಒಂದು, ಚಕ್ರಕ್ಕೆ ಕೊಡುವ ಗಟ್ಟಿಮರದ ಎರಡು ಅಡ್ಡೆಗಳು. ಘಾಟಿಯಲ್ಲಿ ಕೆಟ್ಟು ನಿಂತ ಲಾರಿಗೆ ರಸ್ತೆಬದಿಯ ಕಲ್ಲು ಕೊಡುವುದು, ಹೊರಡುವಾಗ ಅದನ್ನು ನಡುರಸ್ತೆಯಲ್ಲೇ ಬಿಟ್ಟು ಹೋಗುವುದು, ಹಿಂದೆ ಬಂದ ಬೈಕಿನವನು ಅದಕ್ಕೆ ಬಡಿದು ಬೀಳುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಎರಡು, ಬೆಳಕಿಗೆ ಹೊಳೆಯುವ ತ್ರಿಕೋನ ಫಲಕ ಮತ್ತು ಒಳ್ಳೆಯ ಟಾರ್ಚು. ಮೂರು, ಗಡುವು ಮೀರದ ಬೆಂಕಿ ಆರಿಸುವ ಸಿಲಿಂಡರು. ನಾಲ್ಕು, ಹೊಸ ಲಾರಿಗಳಿಗೆ ಬೇಕಾದ ಡಿ.ಇ.ಎಫ್. ದ್ರಾವಣ. 2020ರ ಏಪ್ರಿಲ್‌ನಿಂದ ಬಿ.ಎಸ್. 6 ಗಾಡಿಗಳು ಬಂದಿವೆಯಷ್ಟೆ. ಇವುಗಳ ಹೊಗೆ ಶುದ್ಧಿಗೆ ಬಳಸುವ ಈ ದ್ರಾವಣ ಮುಗಿದರೆ ಎಂಜಿನ್ ಶಕ್ತಿ ತಾನಾಗಿ ಕುಗ್ಗುತ್ತದೆ. ಇದರಲ್ಲಿ ಶೇ. 32.5 ಯೂರಿಯಾ ಇದೆಯೆಂದು ತೋಟದ ಯೂರಿಯಾವನ್ನು ನೀರಲ್ಲಿ ಕದಡಿ ಹಾಕುವಂತಿಲ್ಲ. ಬೇಕಾದದ್ದು ಶುದ್ಧ ದರ್ಜೆಯದು. ಒಂದು ಕ್ಯಾನು ಹೆಚ್ಚಿಗೆ ಇದ್ದರೆ ನಿರ್ಜನ ಪ್ರದೇಶದಲ್ಲಿ ಪರದಾಟ ತಪ್ಪುತ್ತದೆ.

ಮನುಷ್ಯನಿಗೆ

ಮಾಲು, ಗಾಡಿ ಎರಡನ್ನೂ ನೋಡಿದ್ದಾಯಿತು. ಸಾಮಾನ್ಯವಾಗಿ ಪಟ್ಟಿ ಇಲ್ಲಿಗೇ ನಿಲ್ಲುತ್ತದೆ. ಅಡಿಕೆ ಒದ್ದೆಯಾಗದಿರಲು ಎರಡು ಟಾರ್ಪಾಲು ಕೇಳುವ ನಾವು, ಡ್ರೈವರನ ಬಳಿ ಒಂದು ಕಂಬಳಿ ಇದೆಯೇ ಎಂದು ಕೇಳುವುದಿಲ್ಲ.

2025ರ ಅಕ್ಟೋಬರ್ 1ರಿಂದ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವಾಗಿದೆ. ಸಂತೋಷ. ಆದರೆ ನಮ್ಮ ಲೋಡು ಒಯ್ಯಲು ಬರುವ ಗಾಡಿಗಳಲ್ಲಿ ಹಳೆಯವು ಇನ್ನೂ ಬಹುಕಾಲ ಇರುತ್ತವೆ. ಮೇ ತಿಂಗಳಲ್ಲಿ ನಾಗಪುರದ ಕಡೆ ಎಂಜಿನ್ನಿನ ಬಿಸಿಯ ಪಕ್ಕದಲ್ಲಿ ಕುಳಿತವನಿಗೆ 20 ಲೀಟರಿನ ನೀರಿನ ಕ್ಯಾನು ಮೊದಲ ಅಗತ್ಯ. ಜೊತೆಗೆ ಓ.ಆರ್.ಎಸ್. ಪೊಟ್ಟಣಗಳು, ಅವು ಮುಗಿದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಹತ್ತಿ, ಪಟ್ಟಿ, ಮುಲಾಮು, ಜ್ವರದ ಮಾತ್ರೆ ನಿಜವಾಗಿಯೂ ಇವೆಯೇ, ಅವುಗಳ ಗಡುವು ಮೀರಿಲ್ಲವೇ ಎಂದು ಮುಚ್ಚಳ ತೆಗೆದು ನೋಡಬೇಕು. ರಕ್ತದೊತ್ತಡವೋ ಸಕ್ಕರೆ ಕಾಯಿಲೆಯೋ ಇರುವ ಡ್ರೈವರನಿಗೆ ಹೋಗಿಬರುವ ದಿನಗಳ ಜೊತೆಗೆ ಇನ್ನೂ ಐದು ದಿನದ ಮಾತ್ರೆ ಇರಬೇಕು. ಕನ್ನಡಕದವರಿಗೆ ಇನ್ನೊಂದು ಕನ್ನಡಕ ಬೇಕು. ಗಟ್ಟಿ ಅವಲಕ್ಕಿ, ಬೆಲ್ಲ, ಚಟ್ನಿಪುಡಿ, ಉಪ್ಪಿನಕಾಯಿ ಇದ್ದರೆ ಒಂದು ದಿನ ಹೋಟೆಲು ಸಿಗದಿದ್ದರೂ ನಡೆಯುತ್ತದೆ. ಒಲೆ ಇಟ್ಟುಕೊಳ್ಳುವವರು ಗಾಡಿಯಿಂದ ದೂರ, ಗಾಳಿಯ ಮರೆಯಲ್ಲಿ ಹೊತ್ತಿಸಲಿ. ಗೋಣಿಗೂ ಟಾರ್ಪಾಲಿಗೂ ಬೆಂಕಿ ಹಿಡಿಯಲು ಒಂದು ಕಿಡಿ ಸಾಕು. ತುರ್ತಿಗೆ 112, ರಾಷ್ಟ್ರೀಯ ಹೆದ್ದಾರಿಯ ನೆರವಿಗೆ 1033, ಇವನ್ನು ಕ್ಯಾಬಿನ್ನಿನ ಬಾಗಿಲಿಗೆ ದೊಡ್ಡ ಅಕ್ಷರದಲ್ಲಿ ಅಂಟಿಸಬೇಕು.

ಪೆಟ್ಟಿಗೆಯಲ್ಲಿ ಹಿಡಿಸದ ಎರಡು

ಇನ್ನು, ಅಂಗಡಿಯಲ್ಲಿ ಸಿಗದ ಎರಡು ವಸ್ತುಗಳಿವೆ. ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದವು ಇವೇ, ಮತ್ತು ಇವನ್ನು ಕೊಡುವ ಶಕ್ತಿ ಇರುವುದು ನಮಗೇ.

ಮೊದಲನೆಯದು ಸ್ಥಳದ ತಿಳಿವಳಿಕೆ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದಾಗ ಸತ್ತವರಲ್ಲಿ ಲಾರಿ ಚಾಲಕರೂ ಇದ್ದರು. ಕೇರಳದ ಒಬ್ಬ ಚಾಲಕನ ಲಾರಿಯನ್ನು ಗಂಗಾವಳಿ ನದಿಯಿಂದ ಮೇಲೆತ್ತಿದ್ದು ಸೆಪ್ಟೆಂಬರ್ 25ರಂದು. ಮಳೆ ಹಿಡಿದ ದಿನಗಳಲ್ಲಿ ಕಡಿದ ಗುಡ್ಡದ ಬುಡದಲ್ಲಿ ಗಾಡಿ ನಿಲ್ಲಿಸುವುದು ಅಪಾಯವೆಂದು ಮಲೆನಾಡಿನವರಿಗೆ ಗೊತ್ತು. ಹೊರಗಿನ ಡ್ರೈವರನಿಗೆ ಅದೊಂದು ಚಹಾದಂಗಡಿ ಇರುವ ಅಗಲವಾದ ಜಾಗ ಮಾತ್ರ. 2018ರ ಆಗಸ್ಟಿನಲ್ಲಿ ಮಡಿಕೇರಿ-ಸಂಪಾಜೆ ರಸ್ತೆ, 2019ರ ಆಗಸ್ಟಿನಲ್ಲಿ ಚಾರ್ಮಾಡಿ ಕುಸಿದು ಸಂಚಾರ ನಿಂತದ್ದನ್ನು ನಾವೆಲ್ಲ ಬಲ್ಲೆವು. ಶಿರಾಡಿ ಇಂದು ತೆರೆದಿದೆಯೇ, ಎಲ್ಲಿ ನಿಲ್ಲಿಸಬಹುದು, ಎಲ್ಲಿ ನಿಲ್ಲಿಸಲೇಬಾರದು ಎಂಬುದನ್ನು ಮಳೆಗಾಲದ ಪ್ರತಿ ಲೋಡಿನೊಂದಿಗೆ ಒಂದು ಚೀಟಿಯಲ್ಲಿ ಬರೆದುಕೊಡಲು ಖರ್ಚೇನೂ ಇಲ್ಲ.

ಎರಡನೆಯದು ಹೊತ್ತು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯೇ ದಿನಕ್ಕೆ 8 ಗಂಟೆ ಕೆಲಸ, 5 ಗಂಟೆಗೊಮ್ಮೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಎಂದು ಹೇಳಿತ್ತು. ದೂರದ ದಾರಿಗೆ 10 ಗಂಟೆಯವರೆಗೆ ಸಡಿಲಿಕೆ ಇತ್ತು. ಒಂದು ಕಾಲದಲ್ಲಿ ನ್ಯಾಷನಲ್ ಪರ್ಮಿಟ್ ಲಾರಿಗೆ ಇಬ್ಬರು ಚಾಲಕರಿರಬೇಕೆಂಬ ನಿಯಮವೂ ಇತ್ತು. ಈಗ ಬಹಳ ಗಾಡಿಗಳಲ್ಲಿ ಇರುವುದು ಒಬ್ಬನೇ, ಕ್ಲೀನರೂ ಅಪರೂಪ. ಈ ಒಬ್ಬನು ಬೆಳಿಗ್ಗೆ ಗೋದಾಮಿಗೆ ಬಂದರೆ ಹಮಾಲರು ಸೇರುವಾಗ ಮಧ್ಯಾಹ್ನ, ಬಿಲ್ಲು ಕೈಗೆ ಬರುವಾಗ ರಾತ್ರಿ. ಅಷ್ಟು ಹೊತ್ತೂ ಅವನಿಗೆ ಮಲಗಲು ನೆರಳಿಲ್ಲ, ಶೌಚಕ್ಕೆ ಜಾಗವಿಲ್ಲ. ಆಮೇಲೆ "ಬೇಗ ಮುಟ್ಟಿಸಪ್ಪಾ, ಪಾರ್ಟಿ ಕಾಯುತ್ತಿದ್ದಾರೆ" ಎಂಬ ಮಾತು ಬೇರೆ. ನಿದ್ದೆಗೆಟ್ಟವನನ್ನು ಕತ್ತಲಲ್ಲಿ ಘಾಟಿಗೆ ಅಟ್ಟಿ, ಟಾರ್ಪಾಲು ಸರಿಯಾಗಿದೆಯೆಂದು ಸಮಾಧಾನಪಟ್ಟುಕೊಂಡರೆ ಏನು ಬಂತು?

ಇದೆಲ್ಲ ಲಾರಿ ಮಾಲೀಕರ ಹೊಣೆ, ಬಾಡಿಗೆ ಕೊಟ್ಟ ಮೇಲೆ ನಮಗೇಕೆ ಎಂದು ಕೇಳುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಗಾಡಿಯ ದುರಸ್ತಿ, ವಿಮೆ, ಸಂಬಳ ಮಾಲೀಕನಿಗೆ ಸೇರಿದ್ದು; ಅದನ್ನು ಸಂಘ ತಲೆಯ ಮೇಲೆ ಹೊರಬೇಕಾಗಿಲ್ಲ. ಆದರೆ ಲೋಡು ಮಾಡುವ ಹೊತ್ತನ್ನು ಗೊತ್ತುಮಾಡುವವರು ನಾವು. ಕಾಗದ ಬರೆಯುವವರು ನಾವು. ಬಾಡಿಗೆಯಲ್ಲಿ ಕಡೆಯ ರೂಪಾಯಿಯವರೆಗೆ ಚೌಕಾಶಿ ಮಾಡುವವರೂ ನಾವೇ. ವಿಮೆ ಹಣ ಕೊಟ್ಟೀತು. ಒಳ್ಳೆಯ ಧಾರಣೆಯ ದಿನವನ್ನು ಮರಳಿ ಕೊಡಲಾರದು, ಸತ್ತವನನ್ನಂತೂ ಅಲ್ಲವೇ ಅಲ್ಲ.

ಆದುದರಿಂದ ನಮ್ಮ ಸಲಹೆ ಇಷ್ಟು. ಪ್ರತಿ ಸಂಘವೂ ಗೋದಾಮಿನ ಬಾಗಿಲಲ್ಲಿ ಒಂದು ಪಟ್ಟಿ ತೂಗುಹಾಕಲಿ. ಪಟ್ಟಿಯ ಪ್ರಕಾರ ನೋಡಿ ಸಹಿ ಹಾಕದೆ ಲಾರಿ ಹೊರಡದಿರಲಿ. ಔಷಧಿ, ಓ.ಆರ್.ಎಸ್., ಟಾರ್ಚು, ತ್ರಿಕೋನ ಫಲಕ ಇಲ್ಲದ ಗಾಡಿಗೆ ಸಂಘವೇ ಒಂದು ಪೆಟ್ಟಿಗೆ ಕೊಡಲಿ. ಅದಕ್ಕೆ 1,500 ರೂಪಾಯಿ ಎಂದಿಟ್ಟುಕೊಂಡರೂ 300 ಮೂಟೆಯ ಲೋಡಿನಲ್ಲಿ ಮೂಟೆಗೆ 5 ರೂಪಾಯಿ. ಗೋದಾಮಿನ ಪಕ್ಕ ಡ್ರೈವರುಗಳಿಗೆ ಒಂದು ಕೋಣೆ, ಕುಡಿಯುವ ನೀರು, ಶೌಚಾಲಯ ಇರಲಿ. ಮಧ್ಯಾಹ್ನದೊಳಗೆ ತುಂಬಿ ಮುಗಿಯದ ಲೋಡು ಮರುದಿನ ಬೆಳಗ್ಗೆಯೇ ಹೊರಡಲಿ. ಮಳೆಗಾಲದಲ್ಲಿ ಈ ನಿಯಮಕ್ಕೆ ವಿನಾಯಿತಿ ಬೇಡ. ಬೇಗ ಮುಟ್ಟಿಸಿದವನಿಗೆ ಬಕ್ಷೀಸು ಕೊಡುವ ರೂಢಿ ಎಲ್ಲಾದರೂ ಇದ್ದರೆ ಅದು ನಿಲ್ಲಲಿ.

ಇವು ದೊಡ್ಡ ಬೆಳೆಗಾರರ ಕೃಪೆಗಾಗಿ ಕಾಯಬೇಕಾದ ಕೆಲಸಗಳಲ್ಲ. ನಾಲ್ಕು ಮೂಟೆ ತಂದು ಹಾಕುವ ಸದಸ್ಯನಿಗೂ ಮಹಾಸಭೆಯಲ್ಲಿ ಒಂದು ಮತವಿದೆ. ಮುಂದಿನ ಸಭೆಯಲ್ಲಿ ಧಾರಣೆಯ ಪ್ರಶ್ನೆ ಕೇಳಿದ ಮೇಲೆ, ನಮ್ಮ ಲೋಡು ಒಯ್ಯುವವನು ಎಷ್ಟು ಹೊತ್ತಿಗೆ ಹೊರಡುತ್ತಾನೆ, ಏನೇನು ಹಿಡಿದುಕೊಂಡು ಹೊರಡುತ್ತಾನೆ ಎಂಬ ಪ್ರಶ್ನೆಯನ್ನೂ ಸದಸ್ಯ ಬಾಂಧವರು ಕೇಳಬೇಕೆಂದು ಕೋರುತ್ತೇವೆ.